ದೇವರ ಹೂವಿನ ನಾತ

ಕೆಂಪಕ್ಕನ ಮೂಗಿಗೆ ಮೋಸ ಮಾಡಲು ಬನಶಂಕರಿ ಎರಡನೇ ಹಂತದಲ್ಲಿ ಯಾರಿಂದಲೂ ಆಗುವುದಿಲ್ಲ. ಚೀಲದ ಗಂಟು ಬಿಚ್ಚುವ ಮೊದಲೇ ಒಳಗೇನಿದೆ ಅಂತ ಹೇಳಿಬಿಡುತ್ತಾಳೆ. ಇದರಲ್ಲಿ ತೊಳೆಯದೆ ಎಸೆದ ಮೊಸರಿನ ಡಬ್ಬಿ. ಇದರಲ್ಲಿ ಮಗುವಿನ ಡೈಪರು, ಮೇಲೆ ಮರ್ಯಾದೆಗೆ ಎರಡು ಹಾಳೆ ಪೇಪರು. ಇದರಲ್ಲಿ ಯಾವನೋ ಹೆಂಡತಿಗೆ ಕಾಣದ ಹಾಗೆ ಸುತ್ತಿಟ್ಟ ಕ್ವಾರ್ಟರ್ ಬಾಟಲಿ. ಇಪ್ಪತ್ತೆರಡು ವರ್ಷ ಊರವರ ಕಸದಲ್ಲಿ ಕೈಯಾಡಿಸಿದವಳಿಗೆ ಇಷ್ಟೂ ಗೊತ್ತಾಗದಿದ್ದರೆ ಹೇಗೆ?

ಅದರಲ್ಲಿ ಮೊದಲ ಹನ್ನೆರಡು ವರ್ಷ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ಅಲೆದದ್ದು. ನಾಯಿಗಳು ಅಟ್ಟಿಸಿಕೊಂಡು ಬಂದವು, ಮನುಷ್ಯರೂ ಬಂದರು. ಯಾರ ಮನೆಯ ತಾಮ್ರದ ಚೊಂಬು ಕಾಣೆಯಾದರೂ ಮೊದಲು ಬಿಚ್ಚಿಸುತ್ತಿದ್ದದ್ದು ಇವಳ ಚೀಲವನ್ನೇ. ಹತ್ತು ವರ್ಷದ ಹಿಂದೆ ವಾರ್ಡಿನವರು ಕೊರಳಿಗೆ ಗುರುತಿನ ಚೀಟಿ ಹಾಕಿದರು. ರಾಜಕಾಲುವೆ ಪಕ್ಕದ ಖಾಲಿ ಜಾಗದಲ್ಲಿ ತಗಡಿನ ಶೆಡ್ಡು ಎಬ್ಬಿಸಿ, ಒಣ ಕಸ ಸಂಗ್ರಹಣಾ ಕೇಂದ್ರ ಅಂತ ಬೋರ್ಡು ಬರೆಸಿ, ಬೀಗದ ಕೈ ಇವಳ ಕೈಗೆ ಕೊಟ್ಟರು. ಸುತ್ತಲಿನ ಬೀದಿಗಳ ಕಾಗದ, ರಟ್ಟು, ಹಾಲಿನ ಕವರು, ಗಾಜು, ತಗಡು ಎಲ್ಲವೂ ಅಲ್ಲಿಗೆ ಬರುತ್ತದೆ. ಕೆಂಪಕ್ಕ ಮತ್ತು ಜೊತೆಯ ಲತಾಮಣಿ ಕೂತು ಅದನ್ನು ಬೇರೆ ಬೇರೆ ಮಾಡಿ ಗುಜರಿ ಲಾರಿಗೆ ತುಂಬುತ್ತಾರೆ. ಎರಡು ಮನೆಯ ಒಲೆ ಅದರಿಂದಲೇ ಉರಿಯುವುದು. ಬೀಗದ ಕೈ ಸಿಕ್ಕ ದಿನದಿಂದ ಕೆಂಪಕ್ಕನನ್ನು ಯಾರೂ ಕಳ್ಳಿ ಅಂದಿಲ್ಲ.

ಈಗ ಆ ಶೆಡ್ಡನ್ನೇ ಕೀಳಿಸಬೇಕು ಅಂತ ಅರ್ಜಿ ಹೋಗಿತ್ತು.

ಕೊಟ್ಟವರು ಬೀದಿಯ ನಿವಾಸಿಗಳ ಸಂಘದವರು. ಮುಂದೆ ನಿಂತದ್ದು ಸಂಘದ ಅಧ್ಯಕ್ಷರು, ಬ್ಯಾಂಕಿನಿಂದ ರಿಟೈರ್ ಆದ ಅನಂತರಾಮು. ಶೆಡ್ಡಿನಿಂದ ದುರ್ವಾಸನೆ ಬರುತ್ತದೆ, ಬೆಳಿಗ್ಗೆ ವಾಕಿಂಗ್ ಹೋಗಲು ಆಗುತ್ತಿಲ್ಲ, ಕಿಟಕಿ ತೆರೆಯಲು ಆಗುತ್ತಿಲ್ಲ, ಆದ್ದರಿಂದ ಇದನ್ನು ಊರ ಹೊರಗೆ ಸಾಗಿಸಬೇಕು ಅಂತ ಚೆಂದದ ಅಕ್ಷರದಲ್ಲಿ ಬರೆದಿದ್ದರು. ಊರ ಹೊರಗೆ ಅಂದರೆ ದೊಡ್ಡ ಗುತ್ತಿಗೆದಾರರ ಗೋಡೌನು. ಅಲ್ಲಿ ಕೆಂಪಕ್ಕನಿಗೆ ಬೀಗದ ಕೈ ಯಾರು ಕೊಡುತ್ತಾರೆ? ಮತ್ತೆ ಗೋಣಿಚೀಲವೇ ಗತಿ. ಗುರುವಾರ ಹೆಲ್ತ್ ಇನ್‌ಸ್ಪೆಕ್ಟರ್ ಸೋಮನಾಥ್ ಬಂದು ನೋಡುವುದು, ವಾಸನೆ ಇದ್ದದ್ದು ನಿಜವಾದರೆ ಬೀಗ ಹಾಕುವುದು ಅಂತ ತೀರ್ಮಾನವಾಗಿತ್ತು.

ಹೊಟ್ಟೆ ಉರಿಯುವ ಸಂಗತಿ ಏನೆಂದರೆ, ವಾಸನೆ ಇದ್ದದ್ದು ನಿಜ.

ಕಾಗದ ನಾರುವುದಿಲ್ಲ. ಗಾಜು ನಾರುವುದಿಲ್ಲ. ಒಣ ಕಸದ ಶೆಡ್ಡಿನಲ್ಲಿ ನಾರುವುದಕ್ಕೆ ಏನಿದೆ? ಅದನ್ನು ತಿಳಿಯಬೇಕಾದರೆ ಆ ಬೀದಿಯ ದೇವರ ಮನೆಗಳನ್ನು ನೋಡಬೇಕು. ಎಲ್ಲ ಮನೆಯಲ್ಲೂ ಹಸಿ ಕಸಕ್ಕೆ ಹಸಿರು ಬಕೆಟ್ಟಿದೆ. ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ, ಟೀ ಚರಟ ಎಲ್ಲ ಅದಕ್ಕೇ. ಆದರೆ ದೇವರಿಗೆ ಏರಿಸಿದ ಹೂವು ಆ ಬಕೆಟ್ಟಿಗೆ ಬೀಳುವುದಿಲ್ಲ. ಸೇವಂತಿಗೆ, ತುಳಸಿ, ಪತ್ರೆ, ಅಭಿಷೇಕದ ಹಾಲು ಹೀರಿದ ಹತ್ತಿ, ಎಲ್ಲವನ್ನೂ ಭಕ್ತಿಯಿಂದ ಒಂದು ಪ್ಲಾಸ್ಟಿಕ್ ಕವರಿಗೆ ತುಂಬಿ, ಗಾಳಿ ಆಡದ ಹಾಗೆ ಗಂಟು ಹಾಕಿ, ಮಡಿಯಾಗಿರಲಿ ಅಂತ ಹಳೇ ಪೇಪರಿನ ಜೊತೆ ಒಣ ಕಸದ ಚೀಲಕ್ಕೆ ಹಾಕುತ್ತಾರೆ. ಒಣ ಕಸದ ಆಟೋ ಬರುವುದು ಬುಧವಾರ ಮತ್ತು ಶನಿವಾರ. ಎರಡೇ ಜೊತೆ ಕೈ, ಮನೆಯೆತ್ತರ ರಾಶಿ. ಒಂದೊಂದು ಚೀಲದ ಸರದಿ ಬರುವಷ್ಟರಲ್ಲಿ ಮೂರು ದಿನ ಕಳೆದಿರುತ್ತದೆ. ಗಂಟು ಬಿಚ್ಚಿದರೆ ಕಪ್ಪು ಕೆಸರು. ಹೆಣದ ನಾತ ಅನ್ನುತ್ತಾರಲ್ಲ, ಅದೇ. ಶ್ರಾವಣ ಬಂತೆಂದರೆ ಒಂದೊಂದು ಮನೆಯಿಂದ ಮೂರು ಮೂರು ಕವರು.

ಕೆಂಪಕ್ಕನ ಮನೆ ತಲಘಟ್ಟಪುರದಲ್ಲಿ. ಗೋಡೆಯ ಮೇಲೆ ಬುದ್ಧನ ಪಟ. ಅದಕ್ಕೂ ದಿನಾ ಒಂದು ಹೂವು ಇಡುತ್ತಾಳೆ. ಬಾಡಿದ್ದನ್ನು ಮಾರನೆಯ ದಿನ ಬದನೆ ಗಿಡದ ಬುಡಕ್ಕೆ ಹಾಕುತ್ತಾಳೆ. ಬುದ್ಧ ಇಷ್ಟು ವರ್ಷದಲ್ಲಿ ಒಂದು ದಿನವೂ ಬೇಸರ ಮಾಡಿಕೊಂಡಿಲ್ಲ.

ಬುಧವಾರ ಬೆಳಿಗ್ಗೆ ಅವಳು ಶೆಡ್ಡಿನಲ್ಲಿ ಕೂರದೆ ಗಂಡನ ಆಟೋ ಹತ್ತಿದಳು. ಒಣ ಕಸದ ಆಟೋ ಓಡಿಸುವುದು ಅವಳ ಗಂಡ ಯಲ್ಲಯ್ಯನೇ.

"ನೀನ್ ಯಾಕ್ ಬರ್ತೀಯಾ ಈಗ?" ಅಂದ ಯಲ್ಲಯ್ಯ. "ನಾಳೆ ಇನ್‌ಸ್ಪೆಕ್ಟರ್ ಬರ್ತಾರೆ. ಫಿನಾಯಿಲ್ ಹಾಕಿ ತೊಳಿ, ಸಾಕು. ಬಾಯ್ ತೆಗೀಬೇಡ."

"ಬಾಯ್ ತೆಗೀದೆ ಇದ್ದಿದ್ದಕ್ಕೇ ಮೂಗಿಗೆ ಈ ಗತಿ ಬಂದಿದ್ದು. ಸುಮ್ನೆ ಗಾಡಿ ಓಡ್ಸಯ್ಯ."

ಅನಂತರಾಮು ಮನೆಯ ಮುಂದೆ ಆಟೋ ನಿಂತಿತು. ಅವರ ಹೆಂಡತಿ ಸೀತಾಲಕ್ಷ್ಮಿ ಚೀಲ ತಂದರು. ಕೆಂಪಕ್ಕ ಕೈ ಹಾಕಿ, ಪೇಪರಿನ ನಡುವಿನಿಂದ ಗಂಟು ಕಟ್ಟಿದ ಕವರನ್ನು ಹೊರಗೆಳೆದಳು. ಗಂಟಿನ ಮೇಲೆ ಬಾಳೆನಾರು ಸುತ್ತಿತ್ತು.

"ಅಮ್ಮಾ, ಇದು ಹಸಿ ಕಸ. ಅದರ ಗಾಡಿ ಆಗ್ಲೇ ಬಂದು ಹೋಯ್ತಲ್ಲ?"

"ಅದು ಕಸ ಅಲ್ಲಮ್ಮ, ದೇವರ ಹೂವು."

"ಕಸ ಅಲ್ದೆ ಇದ್ರೆ ಕಸದ ಗಾಡಿಗೆ ಯಾಕಮ್ಮಾ ಕೊಡ್ತೀರಾ?"

ಸೀತಾಲಕ್ಷ್ಮಿ ಕವರಿನತ್ತ ನೋಡಿದರು. ಕೆಟ್ಟ ಹೆಂಗಸಲ್ಲ ಆಕೆ. ಹಬ್ಬಕ್ಕೆ ಕರೆದು ಹೋಳಿಗೆ ಕೊಡುತ್ತಾರೆ, ಡಬ್ಬಿಗಳನ್ನು ತೊಳೆದೇ ಕೊಡುತ್ತಾರೆ. "ಮುಸುರೆ ಜೊತೆ ಹಾಕಕ್ಕಾಗತ್ಯೇ? ನಮ್ಮತ್ತೆ ಕಾಲ್ದಿಂದ್ಲೂ ಹಾಕಿಲ್ಲ," ಅಂದರು.

"ಅವರ ಕಾಲ್ದಲ್ಲಿ ಪ್ಲಾಸ್ಟಿಕ್ ಕವರ್ ಇತ್ತಾ? ನಿಮ್ಮನೆ ಮುಂದೆನೇ ಎರಡು ದಾಸವಾಳ ಗಿಡ ಇದೆ. ಬುಡಕ್ಕೆ ಹಾಕಿ."

ಅಷ್ಟರಲ್ಲಿ ಅನಂತರಾಮು ಕಾಫಿ ಲೋಟ ಹಿಡಿದು ಹೊರಗೆ ಬಂದರು. "ಅಲ್ಲೆಲ್ಲ ಹಾಕ್ಬಾರ್ದು. ಇರುವೆ ಬರತ್ತೆ. ಹೊಸ ಟೈಲ್ಸು, ಕಲೆ ಆಗತ್ತೆ. ಏನಮ್ಮಾ, ಶೆಡ್ ಸರಿಯಾಗಿ ಇಟ್ಕೊಳಕ್ಕಾಗಲ್ಲ, ಮನೆ ಮುಂದೆ ನಿಂತು ಪಾಠ ಮಾಡಕ್ ಬರ್ತೀಯಾ?"

"ಶೆಡ್ಡಲ್ಲಿ ನಾರ್ತಿರೋದು ಇದೇ ಸಾರ್."

"ದೇವರ ಹೂವು ನಾರತ್ತಾ? ನಾಲಿಗೆ ಮೇಲೆ ಹಿಡಿತ ಇರ್ಲಿ."

ಕೆಂಪಕ್ಕನ ಕಿವಿ ಬಿಸಿಯಾಯಿತು. ಈ ಮನುಷ್ಯನ ಮನೆಯ ಟೈಲ್ಸಿಗೆ ಇರುವೆ ಬರಬಾರದು, ಇವಳ ಶೆಡ್ಡಿಗೆ ಹುಳ ಬರಬಹುದು. ಹುಳ ಬಂದ ಮೇಲೆ ಇವನೇ ಮೂಗು ಮುಚ್ಚಿಕೊಂಡು ಅರ್ಜಿ ಬರೆಯಬಹುದು. ಬಾಯಿಗೆ ಬಂದದ್ದನ್ನು ಹೇಳಿಬಿಡುತ್ತಿದ್ದಳು. ಅಷ್ಟರಲ್ಲಿ ಯಲ್ಲಯ್ಯ ಹಾರ್ನ್ ಒತ್ತಿ ಹಿಡಿದುಕೊಂಡ. ಅವಳು ಕವರನ್ನು ಆಟೋದ ಒಂದು ಮೂಲೆಗೆ ಬೇರೆಯಾಗಿಟ್ಟಳು. ಮುಂದಿನ ಮನೆಯದನ್ನೂ ಹಾಗೇ ಇಟ್ಟಳು, ಅದರ ಮುಂದಿನದನ್ನೂ ಇಟ್ಟಳು. ಬೀದಿ ಮುಗಿಯುವಷ್ಟರಲ್ಲಿ ಮೂಲೆ ತುಂಬಿತ್ತು.

ಮಧ್ಯಾಹ್ನ ಲತಾಮಣಿಗೆ ಹೇಳಿದಳು: "ಇವತ್ತು ಗುಜರಿ ಲಾರಿ ಎರಡು ಟ್ರಿಪ್ ಹೊಡೀಲಿ. ಒಂದು ಚೂರು ರಟ್ಟೂ ಉಳೀಬಾರ್ದು. ಹೂವಿನ ಕವರ್ ಮಾತ್ರ ಮುಟ್ಬೇಡ. ಶನಿವಾರದ್ದು ಇದೆಯಲ್ಲ, ಅದನ್ನೂ ಬಿಚ್ಬೇಡ."

"ಅಕ್ಕಾ, ನಾಳೆ ಅವ್ರು ಬರೋದೇ ವಾಸನೆ ನೋಡಕ್ಕೆ. ನೀನು ವಾಸನೆ ಜೋಡಿಸಿ ಇಡ್ತಿದ್ದೀಯಲ್ಲ."

"ನೋಡಕ್ ಬರೋರಿಗೆ ಸರಿಯಾಗಿ ತೋರಿಸ್ಬೇಕಲ್ವಾ?"

ಸಂಜೆಯ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ನೆಲಕ್ಕೆ ನೀರು ಹೊಯ್ದು, ಪೊರಕೆ ಹಿಡಿದು, ಗೋಡೆಯ ಬುಡದವರೆಗೂ ಉಜ್ಜಿದರು. ಆಮೇಲೆ ಕೆಂಪಕ್ಕ ಕವರುಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಇಟ್ಟಳು, ಪಂಕ್ತಿಯಲ್ಲಿ ಎಲೆ ಹಾಕಿದ ಹಾಗೆ.

ಗುರುವಾರ ಹನ್ನೊಂದಕ್ಕೆ ಸೋಮನಾಥ್ ಬೈಕಿನಲ್ಲಿ ಬಂದರು. ಅನಂತರಾಮು ಮೊದಲೇ ಬಂದು ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದರು. ಹಿಂದೆ ಬೀದಿಯ ಏಳೆಂಟು ಜನ. ಸೀತಾಲಕ್ಷ್ಮಿಯೂ ಇದ್ದರು.

"ಬಾಗಿಲು ತೆಗೆಯೋಕೆ ಮುಂಚೆನೇ ಹೊಡೀತಿದೆ ನೋಡಿ ಸಾರ್," ಅಂದರು ಅನಂತರಾಮು.

ಕೆಂಪಕ್ಕ ಬಾಗಿಲು ತೆಗೆದಳು. ಬೆಳಕು ಬಿದ್ದ ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಂದು ಬಾಟಲಿ ಇಲ್ಲ, ಒಂದು ಹಾಳೆ ಇಲ್ಲ. ನಾತ ಮಾತ್ರ ಇತ್ತು.

ಸೋಮನಾಥ್ ಹುಬ್ಬು ಗಂಟಿಕ್ಕಿದರು. "ಕಸನೇ ಇಲ್ವಲ್ಲಮ್ಮ. ಎಲ್ಲಿಂದ ಬರ್ತಿದೆ ಇದು?"

"ಕಸ ಎಲ್ಲ ಕಳಿಸಿದ್ದೀನಿ ಸಾರ್. ಇಲ್ಲಿರೋದು ಕಸ ಅಲ್ವಂತೆ." ಮೊದಲನೆಯ ಕವರಿನ ಗಂಟು ಬಿಚ್ಚಿ ಅವರ ಕಾಲ ಮುಂದೆ ಸುರಿದಳು.

ಶನಿವಾರದ ಕವರು. ಕಪ್ಪು ಲೋಳೆ ಬುಳುಬುಳು ಅಂತ ಹರಿಯಿತು. ನಡುವೆ ಬಿಳೀ ಹುಳ, ಅರ್ಧ ಕರಗಿದ ಸೇವಂತಿಗೆ, ಒಂದು ಕುಂಕುಮದ ಪೊಟ್ಟಣ. ನಿಂತವರೆಲ್ಲ ಎರಡು ಹೆಜ್ಜೆ ಹಿಂದಕ್ಕೆ ಸರಿದರು. ಒಬ್ಬರು ಕಾಲುವೆಯ ಕಡೆ ಓಡಿ ಓಕರಿಸಿದರು.

"ಇವೆಲ್ಲ ಈ ಬೀದಿ ದೇವರ ಮನೆಗಳದ್ದು ಸಾರ್. ವಾರಕ್ಕೆ ಎರಡು ಸಲ ಬರ್ತದೆ. ನಾನೂ ಲತಾಮಣಿನೂ ಬರಿಗೈಯಲ್ಲಿ ಬಿಚ್ತೀವಿ. ಗ್ಲೌಸ್ ಕೊಟ್ಟು ಎಷ್ಟು ತಿಂಗಳಾಯ್ತು ಅಂತ ನಿಮಗೂ ಗೊತ್ತು."

ಸೋಮನಾಥ್ ಗಂಟಲು ಸರಿಮಾಡಿಕೊಂಡರು. ಅನಂತರಾಮು ಕರವಸ್ತ್ರದ ಹಿಂದಿನಿಂದಲೇ ಮಾತಾಡಿದರು. "ಇದು ನಮ್ಮ ಮನೆಗಳದ್ದೇ ಅನ್ನಕ್ಕೆ ಏನ್ ಪ್ರೂಫು? ಇರ್ಲಿ, ನಮ್ಮದೇ ಅಂದ್ಕೊಳಿ. ದೇವರ ನಿರ್ಮಾಲ್ಯನ ಎಂಜಲಿನ ಜೊತೆ ಸೇರಿಸಕ್ಕಾಗಲ್ಲ. ಶಾಸ್ತ್ರ ಅಂತ ಒಂದಿದೆ."

ಕೆಂಪಕ್ಕ ಇಪ್ಪತ್ತೆರಡು ವರ್ಷ ನುಂಗಿದ್ದೆಲ್ಲ ಒಟ್ಟಿಗೆ ಮೇಲೆ ಬಂತು. ದನಿ ಮಾತ್ರ ಏರಿಸಲಿಲ್ಲ.

"ಎಂಜಲಿಗೆ ಸೇರಿದ್ರೆ ಮೈಲಿಗೆ, ನನ್ನ ಕೈಗೆ ಸೇರಿದ್ರೆ ಮಡಿ. ಇದು ಯಾವ ಶಾಸ್ತ್ರದಲ್ಲಿ ಬರ್ದಿದೆ ಸಾರ್? ನಾನು ನಿಮ್ಮ ದೇವರ ಮನೆ ಹೊಸ್ಲು ದಾಟಿದ್ರೆ ನೀರು ಹಾಕಿ ತೊಳೀತೀರಾ. ಅದೇ ದೇವರ ಮೇಲಿನ ಹೂವನ್ನ ಕೊಳೆಸಿ ನನ್ನ ಕೈಗೆ ಕೊಡ್ತೀರಾ. ಆಮೇಲೆ ನಾನೇ ನಾರ್ತೀನಿ ಅಂತ ಅರ್ಜಿ ಕೊಡ್ತೀರಾ."

ಅನಂತರಾಮು ಗಡಿಯಾರ ನೋಡಿಕೊಂಡರು.

ಸೋಮನಾಥ್ ಫೈಲು ತೆರೆದು ಬೈಕಿನ ಸೀಟಿನ ಮೇಲಿಟ್ಟು ಬರೆದರು. ಬರೆದದ್ದನ್ನು ಓದಿ ಹೇಳಿದರು: "ಕೇಂದ್ರ ಸ್ವಚ್ಛವಾಗಿದೆ. ವಾಸನೆ ಅರ್ಜಿದಾರರ ಮನೆಗಳಿಂದ ಬರುವ ಪೂಜೆ ಹೂವಿನದು. ಇನ್ನು ಮುಂದೆ ಒಣ ಕಸದ ಜೊತೆ ಹೂವು ಕೊಡುವುದಿಲ್ಲ ಅಂತ ಅರ್ಜಿದಾರರು ಒಪ್ಪಿದ್ದಾರೆ. ಸಾರ್, ಇಲ್ಲೊಂದು ಸೈನ್ ಮಾಡಿ. ಶೆಡ್ ವಿಷಯ ಇಲ್ಲಿಗೆ ಮುಗೀತು."

"ನಾನ್ ಹೆಂಗ್ರೀ ಮಾಡ್ಲಿ? ಕಮಿಟಿ ಕೂರ್ಬೇಕು, ಡಿಸ್ಕಸ್ ಆಗ್ಬೇಕು."

"ಅರ್ಜಿ ಕೊಡೋವಾಗ ಕಮಿಟಿ ಕೂತಿತ್ತಾ?" ಹಿಂದೆ ಆಟೋಗೆ ಒರಗಿ ನಿಂತಿದ್ದ ಯಲ್ಲಯ್ಯ ಕೇಳಿದ. ಬಾಯಿ ತೆಗೆಯಬೇಡ ಅಂದವನೇ.

"ನಿನ್ನ ಯಾರ್ ಕೇಳಿದ್ರು? ಗಾಡಿ ಓಡಿಸೋನು ಗಾಡಿ ಓಡ್ಸು."

"ಸೈನ್ ಇಲ್ದೆ ಇದ್ರೆ ಅರ್ಜಿ ಹಾಗೇ ಇರತ್ತೆ ಸಾರ್," ಅಂದರು ಸೋಮನಾಥ್. "ಮೇಲಿನವರು ಏನ್ ಹೇಳ್ತಾರೋ, ಶೆಡ್ ಇರತ್ತೋ ಹೋಗತ್ತೋ, ನನ್ ಕೈಲಿಲ್ಲ."

ಕೆಂಪಕ್ಕ ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. ತಪ್ಪು ಕಣ್ಣ ಮುಂದೆ ಹರಿದುಹೋಗುತ್ತಿದೆ, ಹುಳ ಮಿಸುಕಾಡುತ್ತಿದೆ, ಆದರೂ ಇವಳ ಅನ್ನ ಆ ಮನುಷ್ಯನ ಒಂದು ಗೀಟಿನ ಮೇಲೆ ನಿಂತಿದೆ. ಎಂಥ ನ್ಯಾಯವಪ್ಪಾ ಇದು.

ಸೀತಾಲಕ್ಷ್ಮಿ ಇಷ್ಟು ಹೊತ್ತೂ ಆ ಸಾಲನ್ನೇ ನೋಡುತ್ತಿದ್ದರು. ಬಾಳೆನಾರು ಸುತ್ತಿದ ಗಂಟುಗಳು ಮೂರಿದ್ದವು. ಬೀದಿಯಲ್ಲಿ ಹಾಗೆ ಕಟ್ಟುವವರು ಅವರೊಬ್ಬರೇ. ಮುಂದೆ ಬಂದು ಸೋಮನಾಥರ ಕೈಯಿಂದ ಪೆನ್ನು ತೆಗೆದುಕೊಂಡರು.

"ಎಲ್ಲಿ ಮಾಡ್ಬೇಕು?"

"ಏನೇ ಇದು? ಅರ್ಜಿ ನಂದು," ಅಂದರು ಅನಂತರಾಮು.

"ಅರ್ಜಿ ನಿಮ್ದು. ಹೂವು ಏರ್ಸೋಳು, ತೆಗ್ಯೋಳು, ಕಟ್ಟಿಡೋಳು ನಾನು. ನಾನೂ ಅರ್ಜಿಗೆ ಸೈನ್ ಹಾಕಿದ್ದೀನಿ, ನೀವು ತೋರಿಸಿದ ಜಾಗದಲ್ಲಿ. ಓದಿರ್ಲಿಲ್ಲ. ಇದನ್ನ ಓದಿ ಹಾಕ್ತಿದ್ದೀನಿ."

ಕನ್ನಡಕ ಸರಿಮಾಡಿಕೊಂಡು, ಪೂರ್ತಿ ಓದಿ, ದುಂಡಗೆ ಹೆಸರು ಬರೆದರು. ಅವರ ಹಿಂದೆ, ಅರ್ಜಿಗೆ ಸೈನ್ ಹಾಕಿದ್ದ ಇನ್ನಿಬ್ಬರು ಹೆಂಗಸರು ಬಂದು ಹಾಕಿದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಸೋಮನಾಥ್ ಫೈಲು ಮುಚ್ಚಿದರು. "ಮೂರು ಸೈನ್ ಆಯ್ತು. ನನಗೆ ಸಾಕು. ಶೆಡ್ ಇಲ್ಲೇ ಇರತ್ತಮ್ಮ."

ಕೆಂಪಕ್ಕ ಕೈ ಮುಗಿಯಲಿಲ್ಲ. ಯಾಕೆ ಮುಗಿಯಬೇಕು? ಅವಳದ್ದನ್ನು ಅವಳಿಗೇ ಬಿಟ್ಟರು, ಅಷ್ಟೇ ತಾನೇ.

"ಸೈನ್ ಆಯ್ತು. ಈಗ ಇದನ್ನ ಯಾರು ಎತ್ತೋದು?" ಅಂದಳು, ಸಾಲು ತೋರಿಸಿ.

ಅನಂತರಾಮು ಆಗಲೇ ಬೀದಿಯ ತಿರುವಿನಲ್ಲಿದ್ದರು. ಸೀತಾಲಕ್ಷ್ಮಿ ಸೆರಗು ಸಿಕ್ಕಿಸಿಕೊಂಡು, ತಮ್ಮ ಮೂರು ಕವರುಗಳನ್ನು ಬರಿಗೈಯಲ್ಲಿ ಎತ್ತಿಕೊಂಡರು. ಒಂದರ ತಳ ಒಡೆದು ಸೀರೆಯ ಮೇಲೆ ಸುರಿಯಿತು. ಮುಖ ಕಿವುಚಿದರು, ಕೆಳಗಿಡಲಿಲ್ಲ.

ಉಳಿದವರು ಇನ್ನೂ ನಿಂತೇ ಇದ್ದರು. ಕೆಂಪಕ್ಕ ತೆರೆದ ಬಾಗಿಲ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು.

"ನಿಧಾನ ಮಾಡಿ. ನನಗೇನೂ ಅರ್ಜೆಂಟಿಲ್ಲ. ಈ ವಾಸನೆ ನನಗೆ ಅಭ್ಯಾಸ ಇದೆ," ಅಂದಳು.