ಪುಟ್ಟಸಿದ್ದಮ್ಮನ ಬಲಗೈ

ಬೇಗೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕ ಬಳೆ ಅಂಗಡಿ ಇಟ್ಟು ನನಗೆ ಇಪ್ಪತ್ತೆರಡು ವರ್ಷವಾಯಿತು. ನನಗೆ ಸಿಕ್ಕಿದ ಯಾವ ಕೈಯೂ ಬಳೆ ತೊಡದೆ ವಾಪಸ್ ಹೋಗಿಲ್ಲ ಎಂದು ಜಂಬ ಕೊಚ್ಚುತ್ತಿದ್ದವಳು ನಾನು. ಆ ಜಂಬದಿಂದ ಪುಟ್ಟಸಿದ್ದಮ್ಮನಿಗೆ ಏನಾಯಿತೆಂದು ನೆನೆದರೆ ಇವತ್ತಿಗೂ ತಲೆ ಎತ್ತಲಾಗುವುದಿಲ್ಲ.

ಪುಟ್ಟಸಿದ್ದಮ್ಮ ಚೆಂಡುಹೂ ಕೀಳುವ ಕೂಲಿಯವಳು. ಬಾಯಿ ಚುರುಕು, ಅವಳು ಸಾಲಿನಲ್ಲಿದ್ದರೆ ಉಳಿದವರಿಗೆ ಬೆನ್ನುನೋವು ಮರೆತುಹೋಗುತ್ತಿತ್ತು. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಅವಳಿಗೊಂದು ಆಪರೇಷನ್ ಆಯಿತು. ಗರ್ಭಕೋಶದ್ದು ಎಂದು ಅವಳೇ ಊರಿಗೆಲ್ಲ ಹೇಳಿದ್ದಳು, ನಾವೂ ನಂಬಿದ್ದೆವು. ಬಂದ ಮೇಲೆ ಬಲಗೈ ಮಾತ್ರ ಸದಾ ಸೆರಗಿನೊಳಗೇ ಇರುತ್ತಿತ್ತು.

ಹೋದ ಶ್ರಾವಣದಲ್ಲಿ ಅವಳ ಮಗಳು ಸುಧಾಮಣಿಗೆ ಏಳು ತಿಂಗಳ ಬಳೆ ಶಾಸ್ತ್ರ, ಬಳೆ ತೊಡಿಸಲು ನನ್ನನ್ನು ಮನೆಗೆ ಕರೆಸಿದ್ದರು. ಬಸುರಿಗಿಂತ ಮೊದಲು ಹೆತ್ತವಳ ಎರಡೂ ಕೈಗೆ ಹಸಿರು ಬಳೆ ಏರಬೇಕೆನ್ನುವುದು ಅವರ ಮನೆಯ ಪದ್ಧತಿ. ಪುಟ್ಟಸಿದ್ದಮ್ಮ ಎಡಗೈ ಮಾತ್ರ ಚಾಚಿ, ಬಲಗೈಗೆ ಬೇಡ ಎಂದಳು. ಒಂದು ಕೈ ಬರಿದು ಮಾಡಿಕೊಂಡು ಮಗಳ ಮುಂದೆ ಕೂರುತ್ತೀಯಾ ಎಂದು ರೇಗಿಸಿ, ಆ ಕೈಯನ್ನು ಸೆರಗಿನೊಳಗಿಂದ ನಾನೇ ಎಳೆದೆ.

ಬೆರಳಿನಿಂದ ತೋಳಿನವರೆಗೆ ಊದಿಕೊಂಡಿತ್ತು. ಹೆಂಗಸರೆಲ್ಲ ಕತ್ತು ಚಾಚಿ ನೋಡಿದರು. ಒಬ್ಬಳು ಆನೆಕಾಲು ರೋಗ ಕೈಗೆ ಬಂದಿರಬೇಕು ಎಂದು ಪಿಸುಗುಟ್ಟಿದಳು. ಅಲ್ಲಿಗೆ ನಾನು ಬಿಡಬೇಕಿತ್ತು. ಆದರೆ ನನಗೆ ನನ್ನ ಹೆಸರಿನ ಚಿಂತೆ. ಸೋಪು ಹಚ್ಚಿ, ಗಿಣ್ಣು ಅಮುಕಿ, ದೊಡ್ಡ ಅಳತೆಯವನ್ನು ಏರಿಸತೊಡಗಿದೆ. ನಾಲ್ಕನೆಯದು ಒಡೆದು ಮುಂಗೈಗೆ ಚುಚ್ಚಿತು. ಅವಳು ತುಟಿ ಕಚ್ಚಿದಳೇ ಹೊರತು ಕೈ ಎಳೆದುಕೊಳ್ಳಲಿಲ್ಲ. ನಾನು ಒಂದು ಚಿಟಿಕೆ ಅರಿಶಿನ ಒತ್ತಿ, ಎಲೆ ಅಡಿಕೆ ಇಸಿದುಕೊಂಡು ಬಂದೆ.

ಮೂರನೇ ದಿನ ಆ ಕೈ ಕೆಂಪಗಾಗಿ, ಚಳಿಜ್ವರ ಬಂದು, ಅವಳನ್ನು ಗುಂಡ್ಲುಪೇಟೆಯ ಆಸ್ಪತ್ರೆಗೆ ಸೇರಿಸಿದರು. ನೋಡಲು ಹೋದಾಗ ನರ್ಸ್ ಕಾವ್ಯಶ್ರೀ ಎಡಗೈಗೆ ಡ್ರಿಪ್ ಹಾಕಿದ್ದಳು. ಈ ಕೈಗೆ ಬಳೆ ತುರುಕಿದವರು ಯಾರು ಎಂದು ಕೇಳಿದಳು. ನಾನು ಕಿಟಕಿಯ ಕಡೆ ನೋಡಿದೆ. ಪುಟ್ಟಸಿದ್ದಮ್ಮ ನನ್ನನ್ನು ತೋರಿಸಲಿಲ್ಲ.

ಆಪರೇಷನ್ ಆದದ್ದು ಎದೆಗೆ, ಕ್ಯಾನ್ಸರ್‌ಗೆ ಎಂದು ಆಗ ನರ್ಸ್ ಬಾಯಿಂದ ತಿಳಿಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದದ್ದರಿಂದ ನೀರು ಇಳಿಯಲು ದಾರಿಯಿಲ್ಲದೆ ಕೈ ಊದುತ್ತದಂತೆ. ಅದು ಅಂಟುರೋಗವಲ್ಲ, ಪೂರ್ತಿ ವಾಸಿಯೂ ಆಗುವುದಿಲ್ಲ, ಆದರೆ ಹತೋಟಿಯಲ್ಲಿಡಬಹುದು. ಬಿಗಿ ಬಳೆ, ಸೂಜಿ, ಬಿ.ಪಿ. ಪಟ್ಟಿ ಆ ಕೈಗೆ ಬೇಡ. ಹೂ ಕೀಳುವಾಗ ಕೈಗವಸು ಇರಲಿ, ಚರ್ಮ ಒಣಗಬಾರದು, ಹೇಳಿಕೊಟ್ಟ ವ್ಯಾಯಾಮ ದಿನವೂ ಆಗಬೇಕು, ಊತವನ್ನು ಒತ್ತಿಹಿಡಿಯುವ ಎಲಾಸ್ಟಿಕ್ ತೋಳುಚೀಲ ತೊಡಬೇಕು. ಚಿಕ್ಕ ಗಾಯವಾದರೂ ನಂಜೇರುತ್ತದೆ, ಕೆಂಪಾದರೆ ಆ ದಿನವೇ ಬರಬೇಕು. ಮೈಸೂರಿನವರು ಕೊಟ್ಟಿದ್ದ ತೋಳುಚೀಲ ಎರಡು ವರ್ಷದಿಂದ ಟ್ರಂಕಿನ ತಳದಲ್ಲಿತ್ತು.

ನರ್ಸ್ ಹೋದ ಮೇಲೆ, ಮೊದಲೇ ಹೇಳಬಾರದಾಗಿತ್ತೇ ಎಂದೆ.

“ಕೈ ಯಾಕ್ ಊದ್ತು ಅಂದ್ರೆ ಎದೆ ಸುದ್ದಿ ಯೋಳ್ಬೇಕಲ್ಲಕ್ಕ,” ಎಂದಳು. “ನಾಚ್ಕೆಯಾಯ್ತಿತ್ತು.”

ನಾಚಿಕೆ ಅವಳದಾಗಬೇಕಿರಲಿಲ್ಲ. ಅಷ್ಟು ಜನರ ಮುಂದೆ ಸೆರಗು ಎಳೆದವಳು ನಾನು. ಅದನ್ನು ಬಾಯಿಬಿಟ್ಟು ಹೇಳಲಾಗದೆ ಬಸ್ಸು ಹತ್ತಿಬಿಟ್ಟೆ.

ಮೊನ್ನೆ ಅವಳು ಅಂಗಡಿಗೆ ಬಂದಳು. ಬಲಗೈಯಲ್ಲಿ ತೋಳುಚೀಲ, ಎಲ್ಲರಿಗೂ ಕಾಣುವಂತೆ. ಊತ ತಕ್ಕಮಟ್ಟಿಗೆ ಇಳಿದಿತ್ತು. ಎಡಗೈ ಚಾಚಿ, ಎರಡು ಕೈಯದನ್ನೂ ಇದಕ್ಕೇ ಹಾಕಿಬಿಡು ಎಂದಳು. ಗಿರಾಕಿಯೊಬ್ಬಳು ಆ ಕೈಗೇನಾಯಿತು ಎಂದಾಗ, ಬಿದ್ದಳು ಎಂದು ಸುಳ್ಳು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಸಿದ್ದಮ್ಮನೇ ಹೇಳಿದಳು, ಎದೆಗೆ ಕ್ಯಾನ್ಸರ್ ಆಗಿತ್ತು, ಅದರಿಂದ ಎಂದು.

ನಾನು ತಲೆ ತಗ್ಗಿಸಿ ಬಳೆ ಏರಿಸುತ್ತಾ, “ನೋಯ್ತದಾ?” ಎಂದೆ. ಇಷ್ಟು ವರ್ಷದಲ್ಲಿ ಯಾರನ್ನೂ ಹಾಗೆ ಕೇಳಿದವಳಲ್ಲ.

“ಈ ಕೈ ನೋಯಲ್ಲ ಕಣಕ್ಕ,” ಎಂದಳು. “ಆ ಕೈನ ಕೇಳ್ಬೇಕಾಗಿತ್ತು.”