ಗೇಣುದ್ದದ ಜೆಟ್ಟಿಗೆ ಬೆಟಗೇರಿಯ ಅಂಕಿ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಹೆಬ್ಬೆಟ್ಟು ಒತ್ತುತ್ತಿದ್ದ. ಅವ್ವನಿಗೆ ಅದನ್ನೂ ಒತ್ತುವ ಪ್ರಸಂಗ ಬರಲಿಲ್ಲ. ನಮ್ಮ ಹಳ್ಳಿ ಅಂತೂರ ಬೆಂತೂರದಿಂದ ದಿನಾ ಗದಗಿಗೆ ಬಸ್ಸಿನಲ್ಲಿ, ಬಸ್ಸು ತಪ್ಪಿದ ದಿನ ನಡೆದು, ರಸಾಯನಶಾಸ್ತ್ರದಲ್ಲಿ ಒಮ್ಮೆ ನಪಾಸಾಗಿ, ಮತ್ತೆ ಕಟ್ಟಿ, ಬಿ.ಎಸ್ಸಿ. ಮುಗಿಸಿದೆ. ನೌಕರಿ ಸಿಗುವ ತನಕ ಬೆಟಗೇರಿಯ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ಸೇರಿಕೊಂಡೆ. ಎಂಬತ್ತರ ದಶಕದ ಮೊದಲ ವರ್ಷಗಳು. ಲಗ್ನಪತ್ರಿಕೆ, ಪಂಚಾಂಗ, ಶಾಲಾ ಗೈಡುಗಳು, ಕಿಸೆಯಲ್ಲಿಡುವ ಕ್ಯಾಲೆಂಡರುಗಳು ಬೆಳಗಿನಿಂದ ಸಂಜೆಯವರೆಗೆ ಕಣ್ಣ ಮುಂದೆ ಹಾಯುತ್ತಿದ್ದವು. ಅಚ್ಚುಮೊಳೆ ಜೋಡಿಸುವ ಹಿರಿಯ ಕಂಪೋಜಿಟರ್ ಒಬ್ಬರಿದ್ದರು. ಎಲ್ಲರಿಗೂ ಕಾಕಾ. ಅವರು ನನ್ನನ್ನು "ಬಿಎಸ್ಸಿ ಸಾಹೇಬ್ರ" ಎಂದೇ ಕರೆಯುತ್ತಿದ್ದರು. ಮರ್ಯಾದೆಗೋ ಚೇಷ್ಟೆಗೋ ಕೊನೆಗೂ ತಿಳಿಯಲಿಲ್ಲ.

ಲಕ್ಷ್ಮೇಶ್ವರದಲ್ಲಿ ನನ್ನ ಸೋದರಮಾವ ಇದ್ದರು. ವಾಯುಪಡೆಯಲ್ಲಿ ಪೇಂಟರ್ ಆಗಿದ್ದು ನಿವೃತ್ತರಾಗಿ ಊರಿಗೆ ಬಂದವರು. ಯುದ್ಧವಿಮಾನಗಳ ಮೈಮೇಲೆ ಮೂರು ಬಣ್ಣದ ಚಕ್ರ, ಬಾಲದ ಪಟ್ಟಿ, ನಂಬರು ಬರೆಯುವುದು ಅವರ ಕೆಲಸವಾಗಿತ್ತು. ಊರಿನವರಿಗೆ ಅದರ ಬೆಲೆ ತಿಳಿಯುತ್ತಿರಲಿಲ್ಲ. "ಅಷ್ಟ್ ದೂರ ಹೋಗಿ ಬಣ್ಣಾ ಬಳದು ಬಂದ್ಯೇನಪಾ?" ಎಂದು ಕಟ್ಟೆಯ ಮೇಲೆ ಕುಳಿತವರು ಕೇಳುತ್ತಿದ್ದರು. ಮಾಮಾ ಎರಡೂ ಕೈಗಳನ್ನು ಪ್ಯಾಂಟಿನ ಕಿಸೆಗೆ ಸೇರಿಸಿ ಮುಂದೆ ಹೋಗುತ್ತಿದ್ದರು.

ಒಂದು ರವಿವಾರ ಬಾ ಎಂದು ಹೇಳಿ ಕಳಿಸಿದರು. ಹೋದಾಗ ಮೇಜಿನ ಮೇಲೆ ಒಂದು ಪುಟ್ಟ ವಿಮಾನ ನಿಂತಿತ್ತು. ಪ್ಲಾಸ್ಟಿಕ್ಕಿನ ಬಿಡಿ ಭಾಗಗಳನ್ನು ಅಂಟಿಸಿ ಮಾಡಿದ್ದು. ಉದ್ದ ಗೇಣಿಗಿಂತ ಕಡಿಮೆ. ನ್ಯಾಟ್ ಎಂಬ ಜೆಟ್. ಅಸಲು ವಿಮಾನ ಆ ಕಾಲದಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತಂತೆ. ಅದಕ್ಕೇ ಮಾಮಾ ಸೊಳ್ಳೆ ಔಷಧ ಹೊಡೆಯುವ ಪಂಪಿನಲ್ಲಿ ಅಲ್ಯೂಮಿನಿಯಂ ಪೇಂಟು ತುಂಬಿ ಇದಕ್ಕೆ ಹೊಡೆದಿದ್ದರು.

"ಆ ಪಂಪ್ ಇನ್ನ ಯಾತಕ್ಕೂ ಬರಂಗಿಲ್ಲ. ಸೊಳ್ಳಿ ಎಲ್ಲಾ ಬೆಳ್ಳಿ ಬಣ್ಣದು ಆಗ್ಯಾವು," ಎಂದು ಅತ್ತೆ ಒಳಗಿನಿಂದ ಕೂಗಿದರು.

ಸಂಗತಿ ಏನೆಂದರೆ, ಮಾಮಾನ ಹಳೆಯ ಅಧಿಕಾರಿ, ಒಂದು ಕಾಲಕ್ಕೆ ಅಂಥದೇ ವಿಮಾನ ಹಾರಿಸಿದ ಪೈಲಟ್, ಆ ಬಿಡಿ ಭಾಗಗಳ ಕಿಟ್ಟನ್ನು ಪಾರ್ಸಲ್ ಕಳಿಸಿದ್ದರು. ಜೊತೆಗೆ ಒಂದು ಪತ್ರ. ನನ್ನ ವಿಮಾನಕ್ಕೆ ನಂಬರು ಬರೆದವನು ನೀನು, ಇದಕ್ಕೂ ನೀನೇ ಬರೆ. ಮುಂದಿನ ತಿಂಗಳು ಗದಗಿನ ಮೇಲೆ ಹಾಯುವ ರೈಲಿನಲ್ಲಿ ಬರುತ್ತೇನೆ, ಸ್ಟೇಶನ್ನಿನಲ್ಲಿ ಕೊಡು, ಎಂದು.

"ಬರೀರಲ್ಲ ಮಾಮಾ. ನಿಮಗೇನ್ ದೊಡ್ಡದು?" ಎಂದೆ.

ಮಾಮಾ ಕಿಸೆಯಿಂದ ಬಲಗೈ ತೆಗೆದು ನನ್ನ ಮುಂದೆ ಚಾಚಿದರು. ಬೆರಳುಗಳು ಗಾಳಿಗೆ ಸಿಕ್ಕ ಎಲೆಯ ಹಾಗೆ ನಡುಗುತ್ತಿದ್ದವು. "ವರ್ಷ ಆತು. ನಿಮ್ಮ ಅತ್ತೀನ ಬಿಟ್ರ ಯಾರಿಗೂ ಗೊತ್ತಿಲ್ಲ. ಕಿಟ್ ಜೋಡಿಸಿದ್ದೂ ಅಕೀನs. ಸಾಹೇಬ್ರಿಗೆ ಇದು ತಿಳೀಬಾರ್ದಲೇ. ನನ್ನ ಕೈ ಮ್ಯಾಲೆ ಭಾಳ ಭರೋಸಾ ಇತ್ತು ಅವರಿಗೆ."

ಆಮೇಲೆ ಅವರು ಒಂದು ಲಕೋಟೆಯಿಂದ ಕಾಗದದ ಹಾಳೆ ತೆಗೆದರು. ಅದನ್ನು ನೋಡಿದ ಆ ಗಳಿಗೆ ನನಗೆ ಇಂದಿಗೂ ನೆನಪಿದೆ. ನಸುನೀಲಿ ಹಾಳೆಯ ಮೇಲೆ ಕೇಸರಿ, ಬಿಳಿ, ಹಸಿರಿನ ಚಕ್ರಗಳು, ಬಾಲದ ಪಟ್ಟಿಗಳು, ಕಪ್ಪು ನಂಬರುಗಳು, ಮತ್ತು ಇರುವೆ ಸಾಲಿನಂಥ ಏನೋ ಗೆರೆಗಳು. ಇದಕ್ಕೆ ಡೆಕಾಲ್ ಅನ್ನುತ್ತಾರೆ ಎಂದರು ಮಾಮಾ. ಕಿಟ್ಟಿನೊಳಗೆ ಬಂದದ್ದು ಬೇರೆ ದೇಶದ ಗುರುತು. ನಮ್ಮ ದೇಶದ ಗುರುತಿನ ಈ ಹಾಳೆಯನ್ನು ಕಿಟ್ ಮಾಡಿದ ಕಂಪನಿಯೂ ಮಾಡಿದ್ದಲ್ಲ. ಪರದೇಶದಲ್ಲಿ ಯಾರೋ ಬರೀ ಇಂಥ ಗುರುತುಗಳನ್ನೇ ಮುದ್ರಿಸಿ ಬೇರೆಯಾಗಿ ಮಾರುತ್ತಾರಂತೆ. ಸಾಹೇಬರ ಮಗ ಅಲ್ಲಿಂದ ತರಿಸಿದ್ದ.

ಜಗತ್ತಿನಲ್ಲಿ ಇಂಥದೊಂದು ಕಸುಬು ಇದೆ, ಅದನ್ನೇ ಮಾಡಿ ಬದುಕುವವರು ಇದ್ದಾರೆ ಎಂಬುದೇ ನನ್ನ ತಲೆಯಲ್ಲಿ ಇಳಿಯಲಿಲ್ಲ. ಮಾಮಾ ಭೂತಗನ್ನಡಿ ಕೊಟ್ಟರು. ಇರುವೆ ಸಾಲೆಂದು ತಿಳಿದದ್ದು ಇಂಗ್ಲಿಷ್ ಅಕ್ಷರಗಳಾಗಿದ್ದವು. ಒಂದೊಂದೂ ಓದಲು ಬರುತ್ತಿತ್ತು! ಸಾಸಿವೆ ಕಾಳಿನ ಮೇಲೆ ಒಂದು ಶಬ್ದ ಕೂಡುವಷ್ಟು ಸಣ್ಣದು.

"ಇಲ್ಲೆ ಕಾಲಿಡಬ್ಯಾಡ್ರಿ ಅಂತ ಬರದೈತಿ ನೋಡು, ರೆಕ್ಕಿ ಮ್ಯಾಲೆ," ಎಂದರು ಮಾಮಾ. "ಇದು ಎಣ್ಣಿ ಹಾಕೂ ಜಾಗ. ಇದು ಪೈಲಟ್ ಕುಂಡ್ರೂ ಕುರ್ಚಿ ಸಿಡಿದು ಹೊರಗ ಬರ್ತೈತಿ, ಹುಷಾರ್ ಅಂತ. ಇವನ್ನ ಎಲ್ಲಾ ನಾ ಬರದೇನಿ. ಇವತ್ತೂ ಕಣ್ಣ ಮುಚ್ಚಿ ಜಾಗಾ ಹೇಳ್ತೇನಿ."

ಅವರು ಹೇಳಿದಂತೆ ನಾನು ಒಂದು ಚಕ್ರವನ್ನು ಕತ್ತರಿಸಿ, ಬಟ್ಟಲಿನ ನೀರಿನಲ್ಲಿ ಅದ್ದಿ, ಮೂವತ್ತು ಎಣಿಸಿ, ರೆಕ್ಕೆಯ ಮೇಲಿಟ್ಟು ಬೆರಳಿನಿಂದ ಮೆಲ್ಲಗೆ ನೂಕಿದೆ. ಕಾಗದ ನನ್ನ ಕೈಯಲ್ಲೇ ಉಳಿಯಿತು. ಚಕ್ರ ಒಂದೇ ಜಾರಿ ಬೆಳ್ಳಿಯ ಮೇಲೆ ಮಲಗಿತು. ಎಷ್ಟು ತೆಳುವೆಂದರೆ, ಒಣಗಿದ ಮೇಲೆ ಅದರ ಅಡಿಯಲ್ಲಿ ರೆಕ್ಕೆಯ ಗೀರುಗಳೆಲ್ಲ ಕಾಣಿಸಿದವು. ಅಂಟಿಸಿದ್ದು ಎಂದು ಯಾರೂ ಹೇಳುವಂತಿರಲಿಲ್ಲ. ಪ್ಲಾಸ್ಟಿಕ್ಕಿನ ಆಟಿಗೆಯೊಂದು ನೋಡುನೋಡುತ್ತ ಒಂದು ದೇಶಕ್ಕೆ ಸೇರಿತು.

ಬೇಕಾದ ಉಳಿದ ಗುರುತುಗಳನ್ನೂ ಸಂಜೆಯೊಳಗೆ ಹೀಗೇ ಕೂರಿಸಿದೆ. ತೊಡಕಿದ್ದದ್ದು ನಂಬರಿನಲ್ಲಿ. ಹಾಳೆಯಲ್ಲಿದ್ದ ನಂಬರುಗಳು ಬೇರೆ ವಿಮಾನಗಳವು. ಸಾಹೇಬರ ವಿಮಾನದ ನಂಬರಿನಲ್ಲಿ ಐದು ಎಂಬ ಅಂಕಿ ಎರಡು ಸಲ ಬರುತ್ತಿತ್ತು. ಹಾಳೆಯಲ್ಲಿ ಐದು ಒಂದೂ ಇರಲಿಲ್ಲ.

"ಇದ್ದದ್ರಾಗ ಯಾವುದರೆ ಒಂದು ಹಚ್ಚೂಣೇನ್ರಿ?" ಎಂದೆ.

ಮಾಮಾ ನನ್ನನ್ನು ನೋಡಿದ ನೋಟಕ್ಕೆ ನಾಚಿಕೆಯಾಯಿತು. "ಬ್ಯಾರೇ ನಂಬರ್ ಅಂದ್ರ ಬ್ಯಾರೇ ವಿಮಾನಲೇ. ಅದನ್ನ ಅವರಿಗೆ ಯಾಕ ಕೊಡ್ಲಿ?" ಹಾಳೆಯನ್ನು ನನ್ನ ಕಡೆ ಸರಿಸಿ, "ನಿಮ್ಮ ಪ್ರೆಸ್ಸಿನವರಿಗೆ ಅಚ್ಚು ಹಾಕಾಕ ಬರೂದಿಲ್ಲೇನು?" ಎಂದು ಕೇಳಿದರು.

ಉಳಿದ ಹಾಳೆಯನ್ನೂ ಆ ಮಾತನ್ನೂ ತೆಗೆದುಕೊಂಡು ನಾನು ಬೆಟಗೇರಿಗೆ ಮರಳಿದೆ. ಕಾಕಾ ಹಾಳೆಯನ್ನು ಬೆಳಕಿಗೆ ಹಿಡಿದು, ಕನ್ನಡಕ ತೆಗೆದು, ಮತ್ತೆ ಹಾಕಿ ನೋಡಿದರು. ಮೂವತ್ತು ವರ್ಷ ಮೊಳೆ ಜೋಡಿಸಿದ ಮನುಷ್ಯ. ಕನ್ನಡಿಯಲ್ಲಿ ಕಂಡಂತೆ ತಿರುಗಿದ ಅಕ್ಷರಗಳನ್ನು ನಾವು ಪೇಪರ್ ಓದುವುದಕ್ಕಿಂತ ಬೇಗ ಓದುತ್ತಿದ್ದರು.

"ಇದನ್ನ ಮಾಡಿದಾಂವ ಯಾಂವರೆ ಇರ್ಲಿ, ಅವನ ಕೈಗೆ ಶರಣು," ಎಂದರು ಕಡೆಗೆ. "ನಂಬರಿನ ಎತ್ತರ ಎಷ್ಟ್ರಿ ಸಾಹೇಬ್ರ?"

ಅಸಲು ವಿಮಾನದ ಮೇಲೆ ಎಂಟು ಇಂಚು ಎಂದು ಮಾಮಾ ಹೇಳಿದ್ದರು. ಮಾದರಿ ಅಸಲಿನ ಎಪ್ಪತ್ತೆರಡರಲ್ಲಿ ಒಂದು ಪಾಲು. ನಾನು ಬಿ.ಎಸ್ಸಿ. ಓದಿದವನು, ಕಾಗದ ತೆಗೆದುಕೊಂಡು ಭಾಗಿಸಲು ಕುಳಿತೆ. ಕಾಕಾ ನಕ್ಕುಬಿಟ್ಟರು.

"ಯಾಕ ಭಾಗಿಸ್ತೀರಿ? ನಮ್ಮ ಮೊಳಿ ಅಳತಿ ಪಾಯಿಂಟು. ಒಂದು ಇಂಚಿಗೆ ಪಾಯಿಂಟ್ ಎಷ್ಟು?"

ಎಪ್ಪತ್ತೆರಡು! ನನ್ನ ಮೈ ಜುಮ್ಮೆಂದಿತು. ವಿಮಾನದ ಒಂದು ಇಂಚು ನಮ್ಮ ಪ್ರೆಸ್ಸಿನ ಒಂದು ಪಾಯಿಂಟು. ಎಂಟು ಇಂಚಿನ ಅಂಕಿಗೆ ಎಂಟು ಪಾಯಿಂಟ್ ಎತ್ತರ. ಯಾವುದೋ ದೇಶದಲ್ಲಿ ಆಟಿಗೆಯ ವಿಮಾನದ ಅಳತೆ ಗೊತ್ತುಮಾಡಿದವನಿಗೂ ಬೆಟಗೇರಿಯ ಮೊಳೆಪೆಟ್ಟಿಗೆಗೂ ಏನು ಸಂಬಂಧ? ಆದರೂ ಎರಡೂ ಕೂದಲೆಳೆಯಷ್ಟೂ ತಪ್ಪದೆ ಹೊಂದಿದವು. ಕ್ಯಾಲೆಂಡರಿನ ತಾರೀಖುಗಳಿಗೆ ಬಳಸುವ ಬಳುಕಿಲ್ಲದ ನೇರ ಅಂಕಿಗಳನ್ನು ಕಾಕಾ ತೆಗೆದು ಅಳೆದರು. ಸರಿಯಾಗಿ ಎಂಟು.

ಮಾಲಕರು ಒಪ್ಪಿದರು. ಕ್ಯಾಲೆಂಡರಿನ ಕೆಲಸ ನಿಲ್ಲಬಾರದು ಎಂದಷ್ಟೇ ಹೇಳಿದರು. ಕಾಕಾ ನೆನೆಸಿಟ್ಟ ಜಾಲಿಗಿಡದ ಅಂಟನ್ನು ಕಾಗದಕ್ಕೆ ಬಳಿದು ಒಣಗಿಸಿದೆವು. ಅದರ ಮೇಲೆ ಕಾಲಿನಿಂದ ತುಳಿಯುವ ಟ್ರೆಡಲ್ ಮಷಿನ್ನಿನಲ್ಲಿ ನಂಬರನ್ನು ಕಪ್ಪು ಮಸಿಯಿಂದ ಹತ್ತಿಪ್ಪತ್ತು ಸಲ ಒತ್ತಿದೆವು. ಮಸಿ ಪೂರ್ತಿ ಆರಿದ ಮೇಲೆ, ಬಡಗಿಯರು ಕುರ್ಚಿಗೆ ಹಚ್ಚುವ ಅರಗಿನ ಪಾಲಿಶನ್ನು ಸ್ಪಿರಿಟ್ಟಿನಲ್ಲಿ ತೆಳ್ಳಗೆ ಮಾಡಿ ಮೇಲೆ ಹೊಡೆದೆ. ನೀರಿಗೆ ಬಿದ್ದಾಗ ಅಂಟು ಕರಗಬೇಕು, ಅರಗಿನ ಪೊರೆ ಅಂಕಿಗಳನ್ನು ಹಿಡಿದುಕೊಂಡು ಹೊರಬರಬೇಕು. ಇದು ನನ್ನ ಲೆಕ್ಕಾಚಾರ.

ರೈಲು ಬರುವ ಎರಡು ದಿನ ಮುಂಚೆ ಮಾಮಾ ವಿಮಾನವನ್ನು ಹತ್ತಿ ತುಂಬಿದ ಡಬ್ಬಿಯಲ್ಲಿಟ್ಟುಕೊಂಡು ಬೆಟಗೇರಿಗೆ ಬಂದರು. ಮಧ್ಯಾಹ್ನ ಪ್ರೆಸ್ಸಿನ ಬೋರಿನ ನೀರಿನಲ್ಲಿ ನಂಬರು ಅದ್ದಿದೆವು. ಜಾರಿತು! ಕಾಕಾ ತಮ್ಮ ಚಿಮಟದಲ್ಲಿ ಅದನ್ನು ಹಿಡಿದರು. ಮಾಮಾ ಕಿಸೆಯಲ್ಲಿ ಕೈಯಿಟ್ಟುಕೊಂಡೇ, "ಮ್ಯಾಲೆ... ಒಂದ್ ಎಳಿ ಹಿಂದ... ಸಾಕ್ರಿ, ಅಲ್ಲೇ," ಎಂದರು. ನಮ್ಮ ಊರಿನ ಅಂಕಿ ಆ ಪರದೇಶದ ಚಕ್ರದ ಪಕ್ಕದಲ್ಲಿ ಸರಿಸಮನಾಗಿ ಕುಳಿತಿತು. ಇಡೀ ಪ್ರೆಸ್ಸು ಮಷಿನ್ ನಿಲ್ಲಿಸಿ ಬಂದು ನೋಡಿತು.

ಮರುದಿನ ಬೆಳಿಗ್ಗೆ ಡಬ್ಬಿ ತೆರೆದಾಗ ನಂಬರಿನ ಸುತ್ತ ಕಪ್ಪುಗೆಂಪು ಕಲೆ ಹಬ್ಬಿತ್ತು. ತುಕ್ಕು ಹಿಡಿದ ಹಾಗೆ.

ಮಾಮಾ ಬಾಗಿಲ ಬಳಿ ಹೋಗಿ ಬೀದಿ ನೋಡುತ್ತ ನಿಂತರು. ನಾನು ಕಾಕಾನನ್ನು ಕೇಳಿದೆ: "ಅಂಟಿನಾಗ ಏನರೆ ಹಾಕಿದ್ರೇನ್ರಿ?"

"ಅಂಟಿನಾಗ ಏನ್ ಹಾಕ್ತಾರ? ದಿನಾ ಹಾಕೂದs ಹಾಕೇನಿ. ಒಂದ್ ಚಿಟಿಕಿ ಮೈಲುತುತ್ತ."

ಪುಸ್ತಕ ಕಟ್ಟುವ ಅಂಟಿಗೆ ಹುಳ, ಜಿರಲೆ ಬರಬಾರದೆಂದು ಮೈಲುತುತ್ತ ಹಾಕುವುದು ನಮ್ಮ ಪ್ರೆಸ್ಸಿನ ರೂಢಿ. ಸಾರಿಗೆ ಉಪ್ಪು ಹಾಕಿದಷ್ಟು ಸಹಜ. ಹೇಳುವ ಮಾತೇ ಅಲ್ಲ ಅದು, ಯಾರೂ ಹೇಳಿರಲಿಲ್ಲ. ನಾನಾದರೂ ಕೇಳಬೇಕಿತ್ತು. ಮೈಲುತುತ್ತವೆಂದರೆ ತಾಮ್ರದ ಲವಣ. ಬೋರಿನ ನೀರು ಉಪ್ಪು. ವಿಮಾನದ ಬಣ್ಣ ಅಲ್ಯೂಮಿನಿಯಂ. ಉಪ್ಪುನೀರಿನಲ್ಲಿ ತಾಮ್ರದ ಲವಣ ಅಲ್ಯೂಮಿನಿಯಮ್ಮನ್ನು ಹೇಗೆ ತಿನ್ನುತ್ತದೆ ಎಂಬುದನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಣ್ಣಾರೆ ನೋಡಿ ವಹಿಯಲ್ಲಿ ಬರೆದವನು ನಾನು. ಆದರೆ ಆ ಪಾಠ ಗಾಜಿನ ನಳಿಕೆಯಿಂದ ಹೊರಗೆ ಬಂದು ಬೆಟಗೇರಿಯ ಅಂಟಿನ ಬಟ್ಟಲಲ್ಲಿ ಕೂರುತ್ತದೆ ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ಹೆದರಿಕೆಯ ನಡುವೆಯೂ ಒಂದು ಬೆರಗು ಹುಟ್ಟಿತು. ಓದಿದ್ದೆಲ್ಲ ಖರೆ ಇತ್ತು!

"ಮಾಮಾ, ಒಳಗ ಬರ್ರಿ. ಇದಕ್ಕ ದಾರಿ ಐತಿ," ಎಂದೆ.

ಹೊಸದಾಗಿ ಅಚ್ಚು ಹಾಕಿ ಮಸಿ ಆರಿಸಲು ಸಮಯವಿರಲಿಲ್ಲ. ಉಳಿದ ನಂಬರುಗಳ ಬೆನ್ನಿನ ಅಂಟನ್ನೇ ತೊಳೆದುಬಿಟ್ಟರೆ? ಗ್ಯಾರೇಜಿಗೆ ಓಡಿ, ಲಾರಿಯ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರಿನ ಬಾಟಲಿ ತಂದೆ. ಮಾಮಾ ಕಲೆಯ ಸುತ್ತ ಕಾಗದ ಮುಚ್ಚಿಸಿ, ನನ್ನ ಕೈಯಿಂದ ನುಣ್ಣಗೆ ಉಜ್ಜಿಸಿ, ಅದೇ ಸೊಳ್ಳೆ ಪಂಪಿನಿಂದ ಬಣ್ಣ ಹೊಡೆಸಿದರು. ಕಾಕಾ ಮೈಲುತುತ್ತ ಸೋಕದ ಹೊಸ ಅಂಟು ನೆನೆಹಾಕಿದರು. ಬಣ್ಣ ಬಿಸಿಲಿಗೆ ಒಣಗಿದ ಮೇಲೆ ಒಂದು ನಂಬರನ್ನು ಬ್ಯಾಟರಿ ನೀರಿನಲ್ಲಿ ತೇಲಿಬಿಟ್ಟೆ. ಕಾಗದ ಮುಳುಗಿತು, ಅಂಕಿಗಳು ಮಾತ್ರ, ಹಿಡಿದವರಿಲ್ಲದೆ, ನೀರಿನ ಮೇಲೆ ನಿಂತವು. ಮೂರು ಸಲ ನೀರು ಬದಲಿಸಿ ತೊಳೆದೆ. ಮೂವರೂ ಬಟ್ಟಲಿನ ಮೇಲೆ ಬಾಗಿದ್ದೆವು. ಕಾಕಾ ಪಿಸುಮಾತಿನಲ್ಲಿ, "ಬರೀ ಮಸಿ ನಿಂತೈತಲ್ರಿ," ಎಂದರು. ಮೂವತ್ತು ವರ್ಷ ಅವರು ಕಾಗದವಿಲ್ಲದ ಅಚ್ಚನ್ನು ನೋಡಿರಲಿಲ್ಲ. ಹೊಸ ಅಂಟು ಸವರಿ ಅದನ್ನು ಮೊದಲಿನ ಜಾಗದಲ್ಲೇ ಕೂರಿಸಿದೆವು.

ಮರುದಿನ ಮುಂಜಾನೆ ಡಬ್ಬಿ ತೆರೆದೆವು. ಕಲೆ ಇರಲಿಲ್ಲ.

ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಮಾಮಾ, "ಕೈಯಿಂದs ಬರದದ್ದು ಅಂತ ಇರ್ಲಿ. ನೀ ಬಾಯಿ ಬಿಡಬ್ಯಾಡ," ಎಂದರು. ಹೂಂ ಎಂದೆ. ರೈಲು ನಿಂತಾಗ ಬಿಳಿ ಮೀಸೆಯ ಎತ್ತರದ ಮನುಷ್ಯರೊಬ್ಬರು ಇಳಿದರು. ಮಾಮಾ ಸಲ್ಯೂಟ್ ಹೊಡೆದು, ಡಬ್ಬಿಯನ್ನು ನನ್ನ ಕೈಯಿಂದ ಕಸಿದುಕೊಂಡು ತಾವೇ ಮುಂದೆ ಚಾಚಿದರು. ಡಬ್ಬಿಯ ಮುಚ್ಚಳ ಟಕಟಕ ಸದ್ದು ಮಾಡುತ್ತಿತ್ತು. ಸಾಹೇಬರು ಆ ಸದ್ದನ್ನು ಕೇಳಿದರು. ಡಬ್ಬಿ ತೆಗೆದುಕೊಂಡು, ತೆರೆದು, ಕಣ್ಣಿಗೆ ಹತ್ತಿರ ಹಿಡಿದು ನಂಬರನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಿನ್ನ ಕೈ ಬದಲಾಗಿಲ್ಲ," ಎಂದರು ಹಿಂದಿಯಲ್ಲಿ.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಸಾಹೇಬರು ಅದಕ್ಕೇ ಹಾಗೆ ಅಂದರೇನೋ. ಮಾಮಾ ಮಾತ್ರ ತಲೆಯಲ್ಲಾಡಿಸಿದರು. ತಾವೂ ಹಿಂದಿಯಲ್ಲೇ, "ಇಲ್ಲ ಸಾಬ್. ಕೈ ಹೋಯಿತು. ಇದು ಪ್ರೆಸ್ಸಿನಲ್ಲಿ ಅಚ್ಚಾದದ್ದು. ಈ ನನ್ನ ಅಳಿಯ, ನಮ್ಮ ತಂಗಿಯ ಮಗ, ಬಿ.ಎಸ್ಸಿ. ಮಾಡಿದವನು, ಅವನೂ ಒಬ್ಬ ಕಂಪೋಜಿಟರೂ ಸೇರಿ ಮಾಡಿದ್ದು. ಎಲ್ಲಿ ಕೂರಬೇಕು ಅಂತ ನಾನು ಹೇಳಿದೆ, ಅಷ್ಟೇ," ಎಂದರು.

ಸಾಹೇಬರು ವಿಮಾನದ ಮೇಲೆ ಬೆರಳಿಟ್ಟರು. "ಸರಿಯಾದ ಜಾಗದಲ್ಲೇ ಇದೆ," ಎಂದರು. ಮಾಮಾನ ನಡುಗುವ ಕೈಯನ್ನು ಹಿಡಿದುಕೊಂಡವರು ಗಾರ್ಡು ಸೀಟಿ ಊದುವವರೆಗೂ ಬಿಡಲಿಲ್ಲ.

ರೈಲು ಹೋದ ಮೇಲೆ ಚಹಾ ಕುಡಿಯಲು ನಿಂತೆವು. ಮಾಮಾ ಎಲ್ಲರೆದುರು ಕಪ್ಪು ಎತ್ತಿದರು. ಅರ್ಧ ಚಹಾ ಕಪ್ಪಿನಡಿಯ ಬಸಿಗೆ, ಇನ್ನಷ್ಟು ಅಂಗಿಗೆ ಚೆಲ್ಲಿತು. ಒರೆಸಿಕೊಳ್ಳಲೂ ಇಲ್ಲ.

"ನೋಡ್ರಿ, ನಮ್ಮ ಅಳಿಯಾ," ಎಂದರು ಚಹಾದವನಿಗೆ. "ವಿಮಾನಕ್ಕ ನಂಬರ್ ಅಚ್ಚು ಹಾಕ್ಯಾನ. ಇಲ್ಲೇ, ಬೆಟಗೇರ್ಯಾಗ."

"ಖರೆ ವಿಮಾನಕ್ಕೇನ್ರಿ?"

"ಮತ್ತೇನ್ ಸುಳ್ಳ ವಿಮಾನಕ್ಕ ಯಾರರೆ ನಂಬರ್ ಹಚ್ತಾರೇನು?" ಎಂದು ಮಾಮಾ ಗದರಿಸಿ, ಇನ್ನೊಂದು ಕಪ್ಪು ಹೇಳಿದರು.