ಸರ್ಟಿಫಿಕೇಟಿಗೆ ಕೇಳಿದ ಹೂ

ದೇವರು, ದೆವ್ವ, ಶಕುನ ಎಂದು ಮಾತು ಶುರುವಾದರೆ ಎದ್ದು ಹೋಗುವ ಪೈಕಿ ನಾನು. ಹುಣಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ವೈರು, ಕರೆಂಟು ಬಿಟ್ಟು ಬೇರೆ ಕಾರಣ ಹುಡುಕುವ ಪುರುಸೊತ್ತಾದರೂ ಎಲ್ಲಿರುತ್ತದೆ? ಹಾಗಾಗಿ ಕೆಲವು ವರ್ಷಗಳ ಹಿಂದೆ ಹನಗೋಡಿನಲ್ಲಿ ನಡೆದದ್ದನ್ನು ಹೇಳಲು ನನಗೆ ಈಗಲೂ ಸ್ವಲ್ಪ ನಾಚಿಕೆ.

ಶಶಿಕಲಾ ಎಂಬವರು ಅಲ್ಲಿ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ರಕ್ತದ ಸ್ಯಾಂಪಲ್ ತೆಗೆದು ಮೈಸೂರಿನ ಒಂದು ಸಣ್ಣ ಲ್ಯಾಬಿಗೆ ಕಳಿಸುತ್ತಿದ್ದರು. ಲ್ಯಾಬಿನವರು ಸ್ವಂತ ಸರ್ವರ್ ಇಟ್ಟುಕೊಂಡು ಇಮೇಲಿನಲ್ಲಿ ರಿಪೋರ್ಟು ಕಳಿಸುತ್ತಿದ್ದರು. ಹಳೆಯ ಲ್ಯಾಪ್‌ಟಾಪ್ ಕೆಟ್ಟಿತೆಂದು, ಹೊಸದರಲ್ಲಿ ಮೇಲ್ ಹಾಕಿಕೊಡಲು ನನ್ನನ್ನು ಕರೆಸಿದ್ದರು. ಅವಸರ ಇತ್ತು. ಅವರ ಅತ್ತೆ ಗೌರಮ್ಮನವರ ಕತ್ತಿನಲ್ಲಿ ಒಂದು ಗಂಟು ಎದ್ದಿತ್ತು. ಡಾಕ್ಟರು ಅದಕ್ಕೆ ಸೂಜಿ ಚುಚ್ಚಿ ತೆಗೆದ ಸ್ಯಾಂಪಲ್ ಅದೇ ಲ್ಯಾಬಿಗೆ ಹೋಗಿತ್ತು; ಅದು ಕೆಟ್ಟ ಗಂಟೋ ಅಲ್ಲವೋ ಎಂಬ ರಿಪೋರ್ಟು ಆ ಮಧ್ಯಾಹ್ನವೇ ಬರಬೇಕಿತ್ತು.

ಸರ್ವರಿನ ವಿಳಾಸ, ಪಾಸ್‌ವರ್ಡ್ ಎಲ್ಲ ತುಂಬಿ ಒತ್ತಿದಾಗ ಎಚ್ಚರಿಕೆ ಬಂತು. ಈ ಸರ್ವರಿನ ಗುರುತು ಹೇಳುವ ಸರ್ಟಿಫಿಕೇಟಿಗೆ ಬೇರೆ ಯಾರ ಜಾಮೀನೂ ಇಲ್ಲ, ತನಗೆ ತಾನೇ ಸಹಿ ಹಾಕಿಕೊಂಡಿದೆ, ನಂಬಬೇಕೇ ಎಂದು. ಸಣ್ಣ ಕಚೇರಿಗಳಲ್ಲಿ ಇದು ಮಾಮೂಲು. ಹೆಬ್ಬೆಟ್ಟಿನ ಗುರುತಿನ ಹಾಗೆ ಅದಕ್ಕೊಂದು, ಎರಡೆರಡರ ಜೋಡಿಯಾಗಿ ಬರೆದ, ಉದ್ದನೆಯ ಸಂಖ್ಯೆ ಇರುತ್ತದೆ. ಸರ್ವರ್ ಇಟ್ಟವರಿಗೆ ಫೋನ್ ಮಾಡಿ, ಅದನ್ನು ತಾಳೆ ನೋಡಿ, ಆಮೇಲೆ ಒಪ್ಪಬೇಕು. ನಿಜ ಹೇಳುತ್ತೇನೆ, ನಾನು ಒಂದು ದಿನವೂ ತಾಳೆ ನೋಡಿದವನಲ್ಲ. ಕಣ್ಣು ಮುಚ್ಚಿ ‘ಹೌದು’ ಒತ್ತುತ್ತಿದ್ದೆ.

“ಏನಂತದಪ್ಪ ಅದು?” ಎಂದರು ಗೌರಮ್ಮನವರು. ವಿವರಿಸಿದೆ.

“ತನ್ಗೆ ತಾನೇ ರುಜು ಆಕಂಡವ್ನ ಎಂಗ್ ನಂಬೋದು? ವಸಿ ತಡಿ, ಸ್ವಾಮಿನ ಕೇಳ್ತೀನಿ.”

ಗೂಡಿನಲ್ಲಿದ್ದ ಲಿಂಗದ ಎರಡೂ ಬದಿಗೆ ನೀರಲ್ಲಿ ಅದ್ದಿದ ಸೇವಂತಿಗೆ ಎಸಳು ಅಂಟಿಸಿ, ಕೈ ಮುಗಿದು ಕೂತರು. ಬಲಗಡೆಯದು ಮೊದಲು ಬಿದ್ದರೆ ಸರಿ, ಎಡಗಡೆಯದಾದರೆ ಬೇಡ. ಶಶಿಕಲಾ ನನ್ನ ಮುಖ ನೋಡಿ ಸಂಕೋಚದಿಂದ ನಕ್ಕರು. ಸ್ವಲ್ಪ ಹೊತ್ತಿಗೆ ಎಡಗಡೆಯದು ಬಿತ್ತು.

ಒದ್ದೆ ಎಸಳು ಎಂದಮೇಲೆ ಯಾವುದಾದರೊಂದು ಕಡೆಯದು ಮೊದಲು ಬೀಳಲೇಬೇಕಲ್ಲ. ನಾನು ಒತ್ತಲು ಹೋದೆ. ಗೌರಮ್ಮನವರು ನನ್ನ ಕೈ ಹಿಡಿದುಕೊಂಡುಬಿಟ್ಟರು. ಅವರ ಸಮಾಧಾನಕ್ಕೆಂದು ಲ್ಯಾಬಿಗೆ ಫೋನ್ ಮಾಡಿದೆ. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ತಮ್ಮ ಸಂಖ್ಯೆ ಓದಿದರು. ಮೊದಲ ಜೋಡಿಯೇ ಹೊಂದಲಿಲ್ಲ. ನನ್ನ ಪರದೆಯ ಮೇಲಿದ್ದುದನ್ನು ನಾನು ಓದಿದೆ. ಅವರು ಯಾವುದೋ ಪುಸ್ತಕದ ಹಾಳೆ ತಿರುವುವುದು ಕೇಳಿಸಿತು.

“ಸಾರ್, ಇದು ನಮ್ಮ ಹಳೇ ಸರ್ವರಿಂದು. ಅದನ್ನ ಬಿಚ್ಚಿ ಬೀರು ಮೇಲೆ ಇಟ್ಟು ವರ್ಷವಾಯ್ತು. ಇಲ್ಲೇ ಕಾಣ್ತಾ ಇದೆ. ಅದಕ್ಕೆ ಕರೆಂಟೇ ಇಲ್ಲ.”

ಸರಿಯಾದ ವಿಳಾಸ ಹೇಳಿ ಎಂದೆ. ಅವರು ಹೇಳಿದ್ದೂ ನಾನು ಹಾಕಿದ್ದೂ ಒಂದೇ. ಅಳಿಸಿ, ಅದನ್ನೇ ಇನ್ನೊಮ್ಮೆ ಹಾಕಿದೆ. ಈ ಸಲ ಬೇರೆ ಸರ್ಟಿಫಿಕೇಟ್ ಬಂತು. ಒಂದೊಂದೇ ಜೋಡಿ ಓದಿ ತಾಳೆ ನೋಡಿದೆವು, ಎಲ್ಲವೂ ಹೊಂದಿತು. “ಇನ್ನೊಂದ್ಸಲ ಹೂ ಕೇಳಿ ಅಮ್ಮ” ಎಂದವನು ನಾನೇ.

“ಕೇಳಿದ್ನೇ ಕೇಳಬಾರ್ದು ಕಣಪ್ಪ. ಒತ್ತು ಬುಡು.”

ಒತ್ತಿದೆ. ರಿಪೋರ್ಟು ಬಂದಿತ್ತು. ಶಶಿಕಲಾ ಎರಡು ಸಲ ಓದಿ, “ಅತ್ತೆ, ಕೆಟ್ಟದ್ದಲ್ವಂತೆ” ಎಂದು ಅವರನ್ನು ತಬ್ಬಿಕೊಂಡು ಅತ್ತುಬಿಟ್ಟರು. ನನಗೂ ಕಣ್ಣು ತುಂಬಿತು.

ಹಳೆಯ ಸರ್ಟಿಫಿಕೇಟನ್ನು ಯಾರೋ ಕದ್ದು ಬೇರೆ ಯಂತ್ರದಲ್ಲಿ ಇಟ್ಟಿದ್ದರೆ ಹೀಗಾಗಬಹುದು ಎಂದು ಬಲ್ಲವರು ಹೇಳಿದರು. ಲ್ಯಾಬಿನವರು ಎಷ್ಟು ತಡಕಿದರೂ ಅಂಥದ್ದೇನೂ ಸಿಗಲಿಲ್ಲ. ಈಗ ನಾನು ತಾಳೆ ನೋಡದೆ ಎಲ್ಲೂ ಒತ್ತುವುದಿಲ್ಲ, ಗಿರಾಕಿಗಳು ಬೈದರೂ ಸರಿಯೇ. ಗೌರಮ್ಮನವರು ಗಟ್ಟಿಮುಟ್ಟಾಗಿದ್ದಾರೆ. ಸಿಕ್ಕಾಗಲೆಲ್ಲ “ಏನಪ್ಪಾ, ಈಗ್ಲಾದ್ರೂ ಸ್ವಾಮಿನ ನಂಬ್ತೀಯಾ?” ಎಂದು ರೇಗಿಸುತ್ತಾರೆ. ನಾನೂ ನಗುತ್ತೇನೆ. ಅವತ್ತು ಆ ಮೊದಲನೆಯದಕ್ಕೆ ‘ಹೌದು’ ಒತ್ತಿದ್ದರೆ ಅವರ ಹೆಸರಿನಲ್ಲಿ ಯಾವ ರಿಪೋರ್ಟು ತೆರೆದುಕೊಳ್ಳುತ್ತಿತ್ತೋ ಎಂಬ ಮಾತನ್ನು ಮಾತ್ರ ಅವರೆದುರು ಇದುವರೆಗೂ ಎತ್ತಿಲ್ಲ.